ಘಟ್ಟದ ಮೇಲಿನ ಕೆಂಪು ವೈನ್

ಕುಂದಾಪುರ, ಬ್ರಹ್ಮಾವರ, ಬೈಂದೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್ ವೈನಿಗೆಂದು ಭರಣಿಗೆ ಬೀಳುವ ಕಪ್ಪುದ್ರಾಕ್ಷಿ ಇಲ್ಲಿಯದಲ್ಲ, ಘಟ್ಟ ಇಳಿದು ಬಂದದ್ದು. ಕರಾವಳಿಯಲ್ಲಿ ನಾಲ್ಕು ತಿಂಗಳು ಬಿಡದೆ ಹೊಯ್ಯುವ ಮಳೆ, ಉಳಿದ ದಿನಗಳಲ್ಲೂ ಆರದ ತೇವ. ಬಳ್ಳಿಗೆ ಬೂಜುರೋಗ ಹತ್ತಲು ಇನ್ನೇನು ಬೇಕು?

ಆ ಕಪ್ಪುದ್ರಾಕ್ಷಿ ಹೆಚ್ಚಾಗಿ ಬೆಂಗಳೂರು ಬ್ಲೂ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಈ ತಳಿಗೆ 2013ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಅಗ್ಗದ, ಸಿಹಿಯಾದ ‘ಪೋರ್ಟ್’ ವೈನಿಗೂ ಇದೇ ಹಣ್ಣು. ವೈನೆಂದರೆ ಸಿಹಿಯೇ ಇರಬೇಕೆಂಬ ನಮ್ಮವರ ಹಠಕ್ಕೆ ಮೂಲ ಅಲ್ಲಿದೆ.

ಸಿಹಿಯಿಲ್ಲದ ಕೆಂಪು ವೈನ್ ಕರ್ನಾಟಕದಲ್ಲಿ ಬೇರೂರಿದ್ದು 1988ರಲ್ಲಿ, ಉದ್ಯಮಿ ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಲ್ಲಿ ವೈನ್ ಕಂಪನಿ ಕಟ್ಟಿದ ಮೇಲೆ. ತಳಿಗಳು ಫ್ರಾನ್ಸಿನವು: ಕ್ಯಾಬರ್ನೆ ಸುವಿನ್ಯೋ, ಶಿರಾಜ್. ತೊಂಬತ್ತರ ದಶಕದಲ್ಲಿ ಸಲಹೆಗೆ ಬಂದವರು ಬೋರ್ಡೋದ ಮಿಶೆಲ್ ರೋಲಾನ್. ಚಿಲಿಯ ಕೊಲ್ಚಾಗುವಾ ಕಣಿವೆಯ ಹೆಸರಾಂತ ಕೆಂಪು ವೈನ್ ‘ಕ್ಲೋಸ್ ಅಪಾಲ್ಟಾ’ದ ಹಿಂದಿದ್ದವರೂ ಅವರೇ. ಆದರೆ ಅಲ್ಲಿಯ ಪಾಠವನ್ನು ಇಲ್ಲಿ ಹಾಗೇ ಒಪ್ಪಿಸುವಂತಿರಲಿಲ್ಲ. ಕೊಲ್ಚಾಗುವಾದಲ್ಲಿ ಮಳೆ ಚಳಿಗಾಲದ್ದು, ಬೇಸಿಗೆ ಒಣ. ಚಳಿಯಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ.

ಹಾಗಾಗಿ ವರ್ಷಕ್ಕೆ ಎರಡು ಸಲ ಸವರಬೇಕು. ವಿಜಯಪುರದ ರೈತರ ಮಾತಿನಲ್ಲಿ ‘ಚಾಟ್ನಿ’. ಕೊಯ್ಲು ಮುಗಿದ ಮೇಲೆ, ಏಪ್ರಿಲ್ ಹೊತ್ತಿಗೆ ಮೊದಲನೆಯದು. ಅದರಿಂದ ಬರುವುದು ಬರೀ ಕಡ್ಡಿ. ಮಳೆ ಹಿಂದಾದ ಮೇಲೆ ಎರಡನೆಯದು, ಹಣ್ಣು ಅದರದ್ದು. ಚಳಿಯಲ್ಲಿ ಕಾಯಿ ಬಲಿತು ಫೆಬ್ರುವರಿ, ಮಾರ್ಚಿನಲ್ಲಿ ಕೊಯ್ಲಿಗೆ ಬರುತ್ತದೆ. ನಮ್ಮಂಥದೇ ಬಿಸಿಲಿನ ನಾಡು ಬ್ರೆಜಿಲ್‌ನ ಸಾವೊ ಫ್ರಾನ್ಸಿಸ್ಕೊ ಕಣಿವೆ. ಅಲ್ಲಿಯವರು ನೀರು ಹಾಯಿಸಿ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ನಾವು ಒಂದನ್ನು ಬಿಟ್ಟುಕೊಟ್ಟೆವು. ನನ್ನ ಮಟ್ಟಿಗೆ ಕರ್ನಾಟಕದ ಕೆಂಪು ವೈನ್ ಕಲಿತ ದೊಡ್ಡ ವಿದ್ಯೆ ಇದೇ. ಬಿರುಬಿಸಿಲಲ್ಲಿ ಹಣ್ಣಾದರೆ ಸಕ್ಕರೆ ಓಡುತ್ತದೆ, ಹುಳಿ ಸೋರುತ್ತದೆ. ವೈನ್ ಗಡುಸಾಗಿ, ಮಂಕಾಗುತ್ತದೆ. ನಂದಿ ತಪ್ಪಲಿನ ಎತ್ತರ ರಾತ್ರಿಯ ತಂಪು ಕೊಟ್ಟು ಹುಳಿಯನ್ನು ಅಷ್ಟಿಷ್ಟು ಉಳಿಸುತ್ತದೆ.

2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ವೈನ್ ಮಂಡಳಿಯೂ ಹುಟ್ಟಿತು. ಕೃಷ್ಣಾ ಕಣಿವೆಯ ಮೇಲೆ ಭಾರೀ ನಿರೀಕ್ಷೆಯಿತ್ತು. ಆ ಕಣಿವೆಯ ವಿಜಯಪುರ ಹೆಸರು ಮಾಡಿದ್ದು ಮಾತ್ರ ಒಣದ್ರಾಕ್ಷಿಯಲ್ಲೇ. ಅಚ್ಚರಿ ತಂದದ್ದು ಕೊಪ್ಪಳ ಜಿಲ್ಲೆಯ ಕಲ್ಲುನೆಲ. ಹನುಮಸಾಗರದ ಸುತ್ತ ಬಳ್ಳಿ ನೆಟ್ಟ ಕೃಷ್ಮಾ ಎಸ್ಟೇಟ್ಸ್, ಕ್ಯಾಬರ್ನೆ ಜೊತೆ ಇಟಲಿಯ ಸಾಂಜೊವೇಸೆಯನ್ನೂ ಬೆಳೆದು ‘ಹಂಪಿ ಹಿಲ್ಸ್’ ಹೆಸರಲ್ಲಿ ಮಾರಿತು.

ಇನ್ನು ನಮ್ಮ ಊಟದ ಮಾತು. ಕುಂದಾಪುರದ ಕೋಳಿಸಾರಿನ ಖಾರಕ್ಕೆ ವೈನಿನ ಒಗರು ಸೇರಿದರೆ ಬಾಯಿ ಉರಿಯುತ್ತದೆ. ಓಕ್ ಪೀಪಾಯಿಯಲ್ಲಿಟ್ಟ ದುಬಾರಿ ಕ್ಯಾಬರ್ನೆ ಅದರ ಜೊತೆಗೆ ದಂಡ. ಎಳೆಯ, ಹಗುರಾದ ಶಿರಾಜ್ ಸಾಕು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ನಿಯಮ ಯುರೋಪಿನ ಚಳಿಯ ಕೋಣೆಗಳದ್ದು. ನೀವು ಬಾಟಲಿಯನ್ನು ಅರ್ಧ ತಾಸು ಫ್ರಿಜ್ಜಿನಲ್ಲಿಟ್ಟೇ ತೆರೆಯಿರಿ.