ಗೊನೋರಿಯಾದ ಜಾಡು ಹಿಡಿದು

ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ಹೊರಟರೆ ನೆಲಮಂಗಲಕ್ಕೆ ತುಸು ಮೊದಲು ಸಿಗುವ ಊರು ಅರಿಶಿನಕುಂಟೆ. ಹುಬ್ಬಳ್ಳಿ, ಮಂಗಳೂರು ಎರಡೂ ಕಡೆಯ ಲಾರಿಗಳು ಹಾಯುವ ದಾರಿಯಿದು. ಇಲ್ಲಿಯ ಒಬ್ಬರಿಗೆ ಉರಿಮೂತ್ರ, ಕೀವು ಕಾಣಿಸಿಕೊಂಡು ಲೈಂಗಿಕ ಸೋಂಕುಗಳಿಗೆ ಮದ್ದು ಕೊಡುವ ಸರ್ಕಾರಿ ಸುರಕ್ಷಾ ಕ್ಲಿನಿಕ್ಕಿಗೆ ಹೋದರು ಅನ್ನಿ. ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೊ ರೂಪಿಸಿದ ಪದ್ಧತಿಯಲ್ಲಿ ಅವರಿಗೆ ಸಿಗುವುದು ಬೂದು ಬಣ್ಣದ ಒಂದು ಕಿಟ್: ಅಜಿತ್ರೊಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ. ಲಕ್ಷಣ ನೋಡಿ ಅಂದೇ ಮದ್ದು. ಮತ್ತೊಮ್ಮೆ ರಜೆ ಹಾಕಿ ಬರಲಾಗದವರಿಗೆ ಇದು ದೊಡ್ಡ ಉಪಕಾರ. ಆದರೆ ಅದು ಗೊನೋರಿಯಾ ಆಗಿದ್ದರೆ ಆ ರೋಗಾಣು ಯಾವ ತಳಿಯದು, ಯಾವ ಮದ್ದಿಗೆ ಬಗ್ಗದು ಎಂಬುದು ದಾಖಲಾಗುವುದಿಲ್ಲ.

ಆಲ್ಬರ್ಟ್ ನೈಸರ್ 1879ರಲ್ಲಿ ಗುರುತಿಸಿದ ಈ ಬ್ಯಾಕ್ಟೀರಿಯಾ ಸಲ್ಫಾ ಮದ್ದುಗಳನ್ನು ಕೆಲವೇ ವರ್ಷಗಳಲ್ಲಿ ಜೀರ್ಣಿಸಿಕೊಂಡಿತು. 1976ರಲ್ಲಿ ಪೆನಿಸಿಲಿನ್ ಅನ್ನೇ ಒಡೆಯುವ ತಳಿಗಳು ಇಂಗ್ಲೆಂಡ್, ಅಮೆರಿಕಗಳಲ್ಲಿ ಸಿಕ್ಕವು. ಒಂದರ ಬೇರು ಪಶ್ಚಿಮ ಆಫ್ರಿಕಾದಲ್ಲಿ, ಇನ್ನೊಂದರದು ಆಗ್ನೇಯ ಏಷ್ಯಾದಲ್ಲಿ. ಪ್ರತಿರೋಧವನ್ನು ಹೊತ್ತ ಪ್ಲಾಸ್ಮಿಡ್‌ಗಳೆಂಬ ಡಿಎನ್‌ಎ ಉಂಗುರಗಳ ಗಾತ್ರವೇ ಎರಡನ್ನೂ ಬೇರ್ಪಡಿಸಿತು. ಡಿಎನ್‌ಎ ನೋಡಿ ಗೊನೋರಿಯಾದ ಪ್ರಯಾಣ ಹೇಳುವ ಕೆಲಸದ ಮೊದಲ ಹೆಜ್ಜೆಗಳಲ್ಲಿ ಇದೊಂದು ಎಂದೇ ನನ್ನ ಎಣಿಕೆ.

ಪೋಷಕಾಂಶದ ಬೇಡಿಕೆ ನೋಡಿ, ಆಮೇಲೆ ಪ್ರತಿಕಾಯಗಳಿಂದ ತಳಿ ವಿಂಗಡಿಸುವ ವಿಧಾನಗಳು ಬಂದವು. ಅವು ಒರಟು ಜರಡಿಗಳು. ನಿಜವಾದ ತಿರುವು 2004ರ ಎನ್‌ಜಿ-ಮಾಸ್ಟ್. ಪಿಒಆರ್, ಟಿಬಿಪಿಬಿ ಎಂಬ, ಬೇಗ ಬದಲಾಗುವ ಎರಡು ವಂಶವಾಹಿಗಳ ತುಣುಕನ್ನಷ್ಟೇ ಓದಿ ತಳಿಗೊಂದು ಸಂಖ್ಯೆ ಕೊಡುವ ವಿಧಾನವಿದು. ಒಂದೇ ಊರಲ್ಲಿ ಕೆಲವೇ ತಿಂಗಳಲ್ಲಿ ಒಂದೇ ಸಂಖ್ಯೆ ಮರುಕಳಿಸಿದರೆ ಸೋಂಕಿನ ಸರಪಳಿಯನ್ನು ಶಂಕಿಸಬಹುದು. ಸೆಫಿಕ್ಸಿಮ್‌ಗೆ ಜಗ್ಗದ 1407 ಸಂಖ್ಯೆಯ ತಳಿ ಖಂಡಾಂತರ ಹಬ್ಬಿದ್ದು ಹೀಗೇ ಬಯಲಾಯಿತು. ಕೊರತೆಯೂ ಉಂಟು. ಈ ಬ್ಯಾಕ್ಟೀರಿಯಾಗಳು ತಮ್ಮತಮ್ಮಲ್ಲೇ ಡಿಎನ್‌ಎ ಕೊಟ್ಟು ತೆಗೆದುಕೊಳ್ಳುವುದರಿಂದ ಸಂಖ್ಯೆ ಒಂದೇ ಇದ್ದರೂ ಪ್ರತಿರೋಧ ಬೇರೆಯಿರಬಹುದು. ಅದಕ್ಕೇ 2017ರಲ್ಲಿ ಎನ್‌ಜಿ-ಸ್ಟಾರ್ ಬಂತು. ಪ್ರತಿರೋಧಕ್ಕೆ ಕಾರಣವಾದ ಏಳು ವಂಶವಾಹಿಗಳನ್ನೇ ಅದು ಓದುತ್ತದೆ. ಅಷ್ಟರಲ್ಲಿ ಇಡೀ ಜೀನೋಮ್ ಓದುವುದೂ ಕೈಗೆಟುಕಿತ್ತು. 2014ರ ಕೊನೆಗೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಅಜಿತ್ರೊಮೈಸಿನ್‌ಗೆ ತೀವ್ರ ಪ್ರತಿರೋಧವಿದ್ದ ತಳಿಯೊಂದು ಹರಡತೊಡಗಿ ಲಂಡನ್‌ವರೆಗೂ ಮುಟ್ಟಿತು. ಅದರ ಜಾಡನ್ನು ಜೀನೋಮ್ ಮೂಲಕವೇ ಹಿಡಿದರು.

ಭಾರತದಲ್ಲಿ ಈ ಕೆಲಸದ ಮುಖ್ಯ ನೆಲೆ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ. ಬೆಂಗಳೂರಿಗೆ ಕೌಶಲವಿಲ್ಲ ಎನ್ನುವಂತಿಲ್ಲ: ಕಿಮ್ಸ್‌ನ ಕೇಂದ್ರ ಸಂಶೋಧನಾ ಪ್ರಯೋಗಾಲಯ ಅಂತರರಾಷ್ಟ್ರೀಯ ಯೋಜನೆಯೊಂದರ ಭಾಗವಾಗಿ, ಮದ್ದಿಗೆ ಬಗ್ಗದ ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳ ಜೀನೋಮ್ ಓದಿದೆ. ತೊಡಕಿರುವುದು ಅದಕ್ಕೂ ಮೊದಲಿನ ಹಂತದಲ್ಲಿ. ಗೊನೋರಿಯಾದ ಬ್ಯಾಕ್ಟೀರಿಯಾ ದೇಹದ ಹೊರಗೆ ಬಹಳ ಹೊತ್ತು ಬಾಳದು. ಸ್ವ್ಯಾಬ್ ಒಣಗಿದರೆ ಸತ್ತಿತು. ಚಾಕೊಲೇಟ್ ಅಗಾರ್ ಎಂಬ ಪೋಷಕ ಮಾಧ್ಯಮದ ತಟ್ಟೆಗೆ ಕೂಡಲೇ ಸವರಿ, ಅದನ್ನಿಟ್ಟ ಜಾಡಿಯೊಳಗೆ ಮೇಣದಬತ್ತಿ ಹಚ್ಚಿ ಮುಚ್ಚಳ ಬಿಗಿಯಬೇಕು. ಬತ್ತಿ ತಾನೇ ಆರುವ ಹೊತ್ತಿಗೆ ಅದಕ್ಕೆ ಬೇಕಾದಷ್ಟು ಇಂಗಾಲದ ಡೈಆಕ್ಸೈಡ್ ಒಳಗೆ ಸೇರಿರುತ್ತದೆ. ಇದಕ್ಕೆ ದುಬಾರಿ ಯಂತ್ರ ಬೇಡ. ತರಬೇತಾದ ಒಬ್ಬ ಟೆಕ್ನಿಷಿಯನ್, ತಾಜಾ ತಟ್ಟೆ, ಅಂದೇ ಬೆಂಗಳೂರು ಮುಟ್ಟಿಸುವ ವಾಹನ ಸಾಕು.

ಎಲ್ಲ ರೋಗಿಗಳಿಗೂ ಇದನ್ನು ಮಾಡಬೇಕೆಂದು ನಾನು ಹೇಳುತ್ತಿಲ್ಲ. ಕಿಟ್ ನುಂಗಿ ವಾರವಾದರೂ ಕೀವು ನಿಲ್ಲದವರಿಂದಾದರೂ ಒಂದು ಸ್ವ್ಯಾಬ್ ತೆಗೆಯಬೇಕು. ಹೆಂಗಸರಲ್ಲಿ ಎಷ್ಟೋ ಸಲ ಲಕ್ಷಣವೇ ಕಾಣದೆ ಸೋಂಕು ಗರ್ಭನಾಳ ಸೇರುತ್ತದೆ, ಬಂಜೆತನ ತರಬಹುದು. ಆದ್ದರಿಂದ ಕೀವು ನಿಲ್ಲದವರ ಸಂಗಾತಿಗಳಿಗೂ ಈ ಪರೀಕ್ಷೆ, ಹೆಸರು ಎಲ್ಲೂ ಹೊರಬೀಳದಂತೆ, ನೆಲಮಂಗಲದಲ್ಲೇ ಸಿಗಬೇಕು.