ಒಂಟಿ ಎಲೆಯ ಲೆಕ್ಕ: ಕಲ್ಬರ್ಟ್‌ಸನ್ನನ ‘ಸಮರೂಪತೆಯ ನಿಯಮ’ ಮತ್ತು 4-4-4-1ರ ಕೈ

ಎಲೈ ಕಲ್ಬರ್ಟ್‌ಸನ್ನನ ‘ಸಮರೂಪತೆಯ ನಿಯಮ’ವನ್ನು ಬ್ರಿಜ್ ಬಳಗ ಅರ್ಧಸತ್ಯವೆಂದಾದರೂ ಉಳಿಸಿಕೊಂಡು ಬಂದಿದೆ. 1931-32ರ ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿ ಸಿಡ್ನಿ ಲೆನ್ಜ್‌ನ ಎದುರು 150 ರಬ್ಬರ್ ಆಡಿ 8,980 ಅಂಕಗಳಿಂದ ಗೆದ್ದವನ ಮಾತನ್ನು ತಳ್ಳಿಹಾಕಲು ಹಲವರಿಗೆ ಮನಸ್ಸು ಬಾರದಿರಬಹುದು. ಆದರೆ ಆ ನಿಯಮದಲ್ಲಿ ಅರ್ಧವೂ ಸತ್ಯವಿಲ್ಲ. 4-4-4-1ರ ಕೈಯನ್ನು ಬಿಡ್ ಮಾಡುವುದು ಏಕೆ ಕಷ್ಟ ಎಂಬ ಪ್ರಶ್ನೆಯನ್ನೇ ಅದು ದಾರಿ ತಪ್ಪಿಸಿದೆ.

ನಿಯಮದ ಸಾರ ಇಷ್ಟು: ಒಬ್ಬನ ಕೈಯ 13 ಎಲೆಗಳು ನಾಲ್ಕು ಜಾತಿಗಳಲ್ಲಿ ಹೇಗೆ ಒಡೆದಿವೆಯೋ, ಒಂದು ಜಾತಿಯ 13 ಎಲೆಗಳೂ ನಾಲ್ವರು ಆಟಗಾರರ ನಡುವೆ ಹಾಗೆಯೇ ಒಡೆದಿರುವ ಸಂಭವ ಹೆಚ್ಚು. ಕೈಯಲ್ಲಿ ಒಂಟಿ ಎಲೆ ಕಂಡರೆ ಮೇಜಿನ ಬೇರೆ ಕಡೆಯೂ ಒಂಟಿ ಎಲೆ ಇದೆಯೆಂದು ಎಚ್ಚರ ವಹಿಸಬೇಕು.

ಇದನ್ನು ಪರೀಕ್ಷಿಸಲು ಬೇಕಾದ ಗ್ರಂಥ 1940ರಲ್ಲೇ ಪ್ಯಾರಿಸ್ಸಿನಲ್ಲಿ ಪ್ರಕಟವಾಗಿತ್ತು. ಗಣಿತಜ್ಞ ಎಮಿಲ್ ಬೊರೆಲ್ ಮತ್ತು ಚೆಸ್ ಅಂತ್ಯಾಟಗಳ ಪಂಡಿತ ಆಂದ್ರೆ ಶೆರಾನ್ ಜೊತೆಯಾಗಿ ಬರೆದ ಬ್ರಿಜ್ಜಿನ ಗಣಿತ ಸಿದ್ಧಾಂತದಲ್ಲಿ 134 ಸಂಭವನೀಯತೆಯ ಕೋಷ್ಟಕಗಳಿವೆ. ಬ್ರಿಜ್ ಲೇಖಕರು ಈ ಕೃತಿಗೆ ಕೈಮುಗಿಯುತ್ತಾರೆ. ತೆರೆದು ನೋಡುವವರು ಕಡಿಮೆ.

ಒಬ್ಬ ಆಟಗಾರನ ಕೈಯಲ್ಲಿ ನಾಲ್ಕು ಸ್ಪೇಡ್ ಎಲೆಗಳಿವೆ ಎನ್ನೋಣ. ಉಳಿದ ಒಂಬತ್ತು ಸ್ಪೇಡ್‌ಗಳು ಮಿಕ್ಕ ಮೂವರ 39 ಎಲೆಗಳಲ್ಲಿ ಹರಡಿವೆ. ಅವು 4-4-1 ಆಗಿ ಒಡೆಯುವ ಸಂಭವ ಶೇ. 9.4. ಆ ಆಟಗಾರನ ಇನ್ನುಳಿದ ಒಂಬತ್ತು ಎಲೆಗಳು 4-4-1 ಆಗಿದ್ದರೂ ಅಷ್ಟೇ, 3-3-3 ಆಗಿದ್ದರೂ ಅಷ್ಟೇ. ಎರಡೂ ಸಂದರ್ಭಗಳಲ್ಲಿ ಮೂವರ ಬಳಿ ಇರುವುದು ಒಂಬತ್ತು ಸ್ಪೇಡ್, ಮೂವತ್ತು ಬೇರೆ ಎಲೆ. ಆ ಮೂವತ್ತರಲ್ಲಿ ಹಾರ್ಟ್ ಎಷ್ಟು, ಕ್ಲಬ್ ಎಷ್ಟು ಎಂಬುದು ಸ್ಪೇಡ್‌ಗಳ ಹರಡುವಿಕೆಯನ್ನು ಕೂದಲೆಳೆಯಷ್ಟೂ ಬದಲಿಸದು. ಕಲ್ಬರ್ಟ್‌ಸನ್ನನ ನಿಯಮ ಇಲ್ಲಿಗೇ ಮುಗಿಯಬೇಕಿತ್ತು.

ಮುಗಿಯದಿರಲು ಕಾರಣವಾದ ಇನ್ನೊಂದು ಲೆಕ್ಕವಿದೆ. ಒಂದೇ ಜಾತಿಯ ಬದಲು ಜೊತೆಗಾರನ ಇಡೀ ಕೈಯನ್ನು ನೋಡಿದರೆ ಅಂಕಿಗಳು ಸ್ವಲ್ಪ ಅಲುಗಾಡುತ್ತವೆ. ತನ್ನದು 4-3-3-3 ಆಗಿದ್ದರೆ, ಸಾವಿರ ಹಂಚಿಕೆಗಳಲ್ಲಿ ಜೊತೆಗಾರನಿಗೆ ಸರಾಸರಿ 288 ಒಂಟಿ ಎಲೆಗಳು ಬೀಳುತ್ತವೆ. ತನ್ನದು 4-4-4-1 ಆದಾಗ 313. ನಿಯಮದ ಪರವಾದಿಗಳು ಗೆದ್ದೆವೆನ್ನುವುದು ಈ ಜಾಗದಲ್ಲೇ. ಆದರೆ ಒಂಟಿ ಎಲೆಯೇ ಇಲ್ಲದ 5-3-3-2ಕ್ಕೂ ಲೆಕ್ಕ 308ಕ್ಕೆ ಬರುತ್ತದೆ. ಸಾವಿರಕ್ಕೆ ಐದರ ಅಂತರ. ಇನ್ನೂ ಮುಖ್ಯವಾದದ್ದು, ತನ್ನ ಎಲೆಗಳನ್ನು ನೋಡುವ ಮೊದಲೇ ಜೊತೆಗಾರನ ಪಾಲಿನ ನಿರೀಕ್ಷೆ 320. ಎಂದರೆ 4-4-4-1 ಕೈಗೆ ಬಂದ ಕ್ಷಣ ಜೊತೆಗಾರನ ಒಂಟಿ ಎಲೆಯ ನಿರೀಕ್ಷೆ ಏರುವುದಿಲ್ಲ, ತುಸು ಇಳಿಯುತ್ತದೆ! ಅಂಕಿಯನ್ನು ಮೇಲಕ್ಕೆ ಎಳೆಯುವುದು ಕೈಯಲ್ಲಿರುವ ಉದ್ದದ ಜಾತಿ. ಒಬ್ಬನಲ್ಲಿ ಐದೋ ಆರೋ ಎಲೆ ಸೇರಿದರೆ ಆ ಜಾತಿಯಲ್ಲಿ ಉಳಿದವರಿಗೆ ಕೊರತೆಯಾಗುತ್ತದೆ.

ಕೈಯಿಂದ ಕಲಸಿದ ಎಲೆಗಳು ಗಣಿತಕ್ಕೆ ಬಗ್ಗವು ಎಂಬುದು ಕೊನೆಯ ಆಸರೆ. ಆಡಿದ ಟ್ರಿಕ್ಕುಗಳಲ್ಲಿ ಒಂದೇ ಜಾತಿಯ ಎಲೆಗಳು ಒಟ್ಟಾಗಿರುತ್ತವೆ ನಿಜ. ಸರಿಯಾಗಿ ಕಲಸದೆ ಹಂಚಿದರೆ ಅವು ನಾಲ್ವರಿಗೂ ಒಂದೊಂದಾಗಿ ಹೋಗಿ ಕೈಗಳು ಸಮತಟ್ಟಾಗುತ್ತವೆ. ಒಂಟಿ ಎಲೆಗಳು ಹೆಚ್ಚುವುದಿಲ್ಲ, ಕಡಿಮೆಯಾಗುತ್ತವೆ. ಒಂಟಿ ಎಲೆ ಕಂಡಾಗ ಕಟ್ಟು ಚೆನ್ನಾಗಿ ಕಲಸಿದೆಯೆಂಬ ಊಹೆ ಮಾಡಬಹುದು, ಇಷ್ಟನ್ನು ಒಪ್ಪಬೇಕು. ಹಾಗೆ ಒಪ್ಪಿದರೂ ತಲುಪುವುದು ಅದೇ ಶೇ. 9.4ರ ಬಳಿಗೆ.

ಹಾಗಿದ್ದರೆ 4-4-4-1 ಏಕೆ ಕಾಡುತ್ತದೆ? ಒಂದು ಕೈ ನೋಡಿ. ಸ್ಪೇಡ್‌ನಲ್ಲಿ ಒಂಟಿ ಏಳು. ಹಾರ್ಟ್‌ನಲ್ಲಿ ರಾಜ, ರಾಣಿ, 8, 4. ಡೈಮಂಡ್‌ನಲ್ಲಿ ಎಕ್ಕ, ಗುಲಾಮ, 7, 3. ಕ್ಲಬ್‌ನಲ್ಲಿ ರಾಜ, ಗುಲಾಮ, 6, 2. ಹದಿನಾಲ್ಕು ಅಂಕ. ಒಂದು ಡೈಮಂಡ್ ಎಂದು ಆರಂಭಿಸಿದರೆ ಜೊತೆಗಾರ ಒಂದು ಸ್ಪೇಡ್ ಎನ್ನುತ್ತಾನೆ. ಈಗ ಎರಡು ಕ್ಲಬ್ ಎಂದರೆ ಐದು ಡೈಮಂಡ್ ಇವೆಯೆಂಬ ಸುಳ್ಳು. ಎರಡು ಹಾರ್ಟ್ ಎಂದರೆ ಇಲ್ಲದ ಬಲದ ಜೊತೆಗೆ ಇಲ್ಲದ ಉದ್ದವನ್ನೂ ಹೇಳಿದಂತೆ. ಒಂದು ನೋ ಟ್ರಂಪ್ ಎಂದರೆ ಒಂಟಿ ಏಳನ್ನು ಮುಚ್ಚಿಟ್ಟಂತೆ. ಎಲೆಗಳ ಹರಡುವಿಕೆಗೂ ಈ ಇಕ್ಕಟ್ಟಿಗೂ ಸಂಬಂಧವಿಲ್ಲ. ಎರಡನೇ ಸುತ್ತಿನಲ್ಲಿ ಈ ಆಕಾರವನ್ನು ಹೇಳುವ ಬಿಡ್ ಇಲ್ಲ, ಅಷ್ಟೇ.

ಹಳೆಯ ಅಮೆರಿಕನ್ ರೂಢಿ ‘ಒಂಟಿಯ ಕೆಳಗಿನ ಜಾತಿಯನ್ನು ಬಿಡ್ ಮಾಡು’ ಎಂದಿತು. ಇಂಗ್ಲೆಂಡಿನ ಏಕಾಲ್ ಪದ್ಧತಿ ಒಂಟಿ ಕೆಂಪಾದರೆ ಅದರ ಕೆಳಗಿನ ಜಾತಿಯನ್ನೂ ಕಪ್ಪಾದರೆ ಮೂರರ ನಡುವಿನದನ್ನೂ ಆರಿಸಿತು. ಎರಡೂ ಮರುಬಿಡ್‌ಗೆ ದಾರಿ ಹುಡುಕುವ ಉಪಾಯಗಳೇ. ಇಟಲಿಯ ವಾಲ್ಟರ್ ಅವಾರೆಲ್ಲಿ ಮತ್ತು ಜಾರ್ಜಿಯೊ ಬೆಲ್ಲಡೋನಾ ತಮ್ಮ ರೋಮನ್ ಪದ್ಧತಿಯಲ್ಲಿ ಎರಡು ಕ್ಲಬ್, ಎರಡು ಡೈಮಂಡ್ ಆರಂಭಗಳನ್ನು ಮೂರು ಜಾತಿಯ ಕೈಗಳಿಗೇ ಮೀಸಲಿಟ್ಟರು. 4-4-4-1 ಬರುವುದು ನೂರಕ್ಕೆ ಮೂರು ಬಾರಿ. ಅದಕ್ಕಾಗಿ ಎರಡು ಬಿಡ್ ತೆತ್ತದ್ದು ದುಬಾರಿ. ಸಿ. ಸಿ. ವೇ ರೂಪಿಸಿದ ಪ್ರಿಸಿಷನ್‌ನ ಎರಡು ಡೈಮಂಡ್ ಹಾಗಲ್ಲ. ಅಲ್ಲಿ ಒಂದು ಕ್ಲಬ್ ಬಲವಾದ ಕೈಗೆ, ಮೇಜರ್ ಜಾತಿಗಳಿಗೆ ಐದು ಎಲೆ ಬೇಕು, ಎರಡು ಕ್ಲಬ್‌ಗೆ ಉದ್ದ ಬೇಕು. ಡೈಮಂಡ್ ಕೊರತೆಯ, 11ರಿಂದ 15 ಅಂಕದ ಮೂರು ಜಾತಿಯ ಕೈಗೆ ಬೇರೆ ಆರಂಭವೇ ಉಳಿಯುವುದಿಲ್ಲ. ಆ ಪದ್ಧತಿಯನ್ನು ಆಡಿದ ತೈವಾನ್ ತಂಡ 1969ರಲ್ಲಿ ಬರ್ಮುಡಾ ಬೌಲ್‌ನ ಫೈನಲ್ ತಲುಪಿತು.

ಬ್ರಿಜ್ ಕಲಿಸುವ ಪುಸ್ತಕವನ್ನು ಇನ್ನು ಮುಂದೆ ಬರೆಯುವವರು ಸಮರೂಪತೆಯ ನಿಯಮವನ್ನು ಸಂಭವನೀಯತೆಯ ಅಧ್ಯಾಯದಿಂದ ತೆಗೆದುಹಾಕಿ, ಆ ಜಾಗದಲ್ಲಿ ಬೊರೆಲ್ ಮತ್ತು ಶೆರಾನ್ ಅವರ ಒಂದು ಕೋಷ್ಟಕವನ್ನಾದರೂ ಅಚ್ಚು ಹಾಕಿಸಬೇಕು.