ವಿಷ ಇಟ್ಟವರು ಬೇಲಿಯಾಚೆ ಇಲ್ಲ

ಕಾಣಿಯೂರು ಕಡೆಯ ತೋಟದ ಮನೆಗಳಲ್ಲಿ ಬೆಕ್ಕನ್ನು ಯಾರೂ ‘ಸಾಕುವುದಿಲ್ಲ’. ಅದು ಇರ್ತದೆ, ಅಷ್ಟೆ. ತುಳುವಿನಲ್ಲಿ ಪುಚ್ಚೆ. ಅಟ್ಟದ ಇಲಿ ಹಿಡಿಯುವುದು ಅದರ ಕೆಲಸ, ಒಂದು ಹಿಡಿ ಅನ್ನ ಅದರ ಸಂಬಳ. ಅಂಥ ಮನೆಯಲ್ಲಿ ಎರಡೇ ದಿನದಲ್ಲಿ ಮೂರು ಮರಿ ವಾಂತಿ ಮಾಡಿ ಸತ್ತರೆ ಮೊದಲು ಬರುವ ಮಾತು, “ಯಾರೋ ವಿಷ ಇಟ್ಟಿದ್ದಾರೆ ಮಾರಾಯ್ರೆ.” ಆಮೇಲೆ ಬೇಲಿಯಾಚೆಯವರ ಜತೆ ಮಾತು ಬಂದ್.

ಆದರೆ ವಿಷದಂತೆಯೇ ಕೊಲ್ಲುವ ಒಂದು ವೈರಸ್ ಉಂಟು. ಹೆಸರು ಪ್ಯಾನ್‌ಲ್ಯೂಕೊಪೀನಿಯ. ಅಂದ್ರೆ ರಕ್ತದ ಬಿಳಿಕಣಗಳೆಲ್ಲ ಕುಸಿಯುವುದು. ಬೇಗ ಬೇಗ ಬೆಳೆಯುವ ಜೀವಕೋಶಗಳೇ ಇದರ ಗುರಿ: ಕರುಳಿನ ಒಳಪದರ, ಮೂಳೆಯ ಮಜ್ಜೆ. ಕರುಳು ಹರಿದು ಒಳಗೆ ಬ್ಯಾಕ್ಟೀರಿಯಾ ನುಗ್ಗುವ ಹೊತ್ತಿಗೆ ತಡೆಯಬೇಕಾದ ಸೈನ್ಯವೇ ಇರುವುದಿಲ್ಲ.

ಇದು ವೈರಸ್ಸಿನ ಕೆಲಸ ಅಂತ 1928ರಲ್ಲಿ ಫ್ರಾನ್ಸಿನ ವೆರ್ಜ್ ಮತ್ತು ಕ್ರಿಸ್ಟೊಫೊರೊನಿ ತೋರಿಸಿದರು. 1939ರಲ್ಲಿ ಅಮೆರಿಕದ ಹ್ಯಾಮನ್ ಮತ್ತು ಜಾನ್ ಎಂಡರ್ಸ್ ಇದನ್ನು ವಿವರವಾಗಿ ಬರೆದರು. ಇದೇ ಎಂಡರ್ಸ್ ಮುಂದೆ ಪೋಲಿಯೊ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸಿದ್ದಕ್ಕೆ 1954ರ ನೊಬೆಲ್ ಹಂಚಿಕೊಂಡವರು. 1978ರ ಹೊತ್ತಿಗೆ ಇದರ ಹತ್ತಿರದ ಸಂಬಂಧಿಯೊಂದು ನಾಯಿಗಳಲ್ಲಿ ಕಾಣಿಸಿಕೊಂಡು ಜಗತ್ತೆಲ್ಲ ಹಬ್ಬಿತು. ಅದೇ ನಾವೆಲ್ಲ ಕೇಳಿರುವ ‘ಪಾರ್ವೊ’. ಶುರುವಿನಲ್ಲಿ ನಾಯಿಗಳಿಗೆ ಬೆಕ್ಕಿನ ಲಸಿಕೆಯನ್ನೇ ಹಾಕಿದ್ದೂ ಉಂಟು!

ಕರ್ನಾಟಕಕ್ಕೆ ಇದರ ಬಿಸಿ ಮುಟ್ಟಿದ್ದು 2023ರಲ್ಲಿ. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರದ ನಡುವೆ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಏಳು ಚಿರತೆ ಮರಿಗಳು ಇದೇ ಸೋಂಕಿಗೆ ಸತ್ತವು. ಅವಕ್ಕೆ ಲಸಿಕೆ ಆಗಿತ್ತು ಅಂತ ಉದ್ಯಾನದ ಅಧಿಕಾರಿಗಳೇ ಹೇಳಿದ್ದರು. ಹಾಗಾದ್ರೆ ಲಸಿಕೆ ದಂಡವಾ? ಅಲ್ಲ. ಯಾವ ಲಸಿಕೆಯೂ ನೂರಕ್ಕೆ ನೂರು ಅಲ್ಲ. ಆದರೆ ಲಸಿಕೆ ಇಲ್ಲದ ಮರಿಗಳಲ್ಲಿ ಬಹುಪಾಲು ಉಳಿಯುವುದೇ ಇಲ್ಲ.

ಮನೆಬೆಕ್ಕಿನ ವಿಷಯದಲ್ಲಿ ನಾವು ಎಡವುವುದು ಒಂದೇ ಡೋಸಿಗೆ ನಿಲ್ಲಿಸಿ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮೊದಲ ವಾರಗಳಲ್ಲಿ ಲಸಿಕೆಯನ್ನೂ ತಟಸ್ಥ ಮಾಡಿಬಿಡಬಹುದು. ಅದಕ್ಕೇ 6ರಿಂದ 8 ವಾರಕ್ಕೆ ಶುರು ಮಾಡಿ, 3-4 ವಾರಕ್ಕೊಮ್ಮೆ, ಕನಿಷ್ಠ 16 ವಾರ ತುಂಬುವವರೆಗೆ ಕೊಡುವುದು. ಜತೆಗೆ ರೇಬಿಸ್ ಲಸಿಕೆ ಬೇರೆ.

“ನಮ್ಮ ಬೆಕ್ಕು ಫ್ಲ್ಯಾಟ್ ಬಿಟ್ಟು ಹೊರಗೇ ಹೋಗಲ್ಲ” ಅನ್ನುವವರಿಗೆ ಒಂದು ಮಾತು: ಬೆಕ್ಕು ಹೋಗದಿದ್ದರೂ ನಿಮ್ಮ ಚಪ್ಪಲಿ ಹೋಗ್ತದೆ. ಈ ವೈರಸ್ ಮನೆಯೊಳಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೆ ಬದುಕಿರಬಲ್ಲದು. ಸ್ಯಾನಿಟೈಸರಿಗೆ ಜಗ್ಗುವುದಿಲ್ಲ. ಮೊದಲು ಕೊಳೆ ತೊಳೆದು, ಆಮೇಲೆ ಬ್ಲೀಚ್ ದ್ರಾವಣ ಹತ್ತು ನಿಮಿಷ ನಿಲ್ಲಬೇಕು. ಬೆಕ್ಕು ಸತ್ತ ಮನೆಗೆ ಲಸಿಕೆ ಆಗದ ಹೊಸ ಮರಿ ತರುವುದು ಅದನ್ನೂ ಸಾವಿಗೆ ಒಪ್ಪಿಸಿದ ಹಾಗೆ.

ಊರಿನಲ್ಲಿ ಹೊಸ ಮರಿ ಹಾಕಿದೆ ಅಂತ ಅಮ್ಮ ಫೋಟೊ ಕಳಿಸಿದಾಗ ಹಾರ್ಟ್ ಒತ್ತಿ ಸುಮ್ಮನಾಗಬೇಡಿ. ಹುಟ್ಟಿದ ದಿನ ಕೇಳಿ, ಆರು ವಾರ ಲೆಕ್ಕ ಹಾಕಿ, ಹತ್ತಿರದ ಪಶುವೈದ್ಯರಿಗೆ ಫೋನ್ ಮಾಡಿ.